ಉರಿಮೂತ್ರಕ್ಕೆ ಯಾವ ಮೂಲಿಕೆ? ಕ್ರ್ಯಾನ್‌ಬೆರಿಯಿಂದ ನೆಗ್ಗಿಲಿನವರೆಗೆ ಒಂದು ಹೋಲಿಕೆ

ನಮ್ಮ ಮನೆಯ ಫ್ರಿಡ್ಜ್‌ನಲ್ಲಿ ಒಂದು ಬಾಟಲಿ ಕ್ರ್ಯಾನ್‌ಬೆರಿ ಜ್ಯೂಸ್ ಇದೆ. ಅದರ ಪಕ್ಕದಲ್ಲೇ ಅಮ್ಮ ಕುದಿಸಿಟ್ಟ ಬಾರ್ಲಿ ನೀರು. ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಗ್ರಂಧಿಗೆ ಅಂಗಡಿಯಿಂದ ತಂದ ನೆಗ್ಗಿಲು ಪುಡಿ. ಮೂರನ್ನೂ ತಂದಿದ್ದು ಒಂದೇ ಕಾರಣಕ್ಕೆ: ನನಗೆ ವರ್ಷಕ್ಕೆ ಎರಡು ಮೂರು ಸಲ ಯೂರಿನ್ ಇನ್ಫೆಕ್ಷನ್ ಆಗುತ್ತಿತ್ತು. ಮೂರೂ ಒಂದೇ ಕೆಲಸ ಮಾಡುತ್ತವೆ ಅಂತಲೇ ನಾನು ತುಂಬ ದಿನ ನಂಬಿದ್ದೆ. ಆಮೇಲೆ ಓದುತ್ತಾ ಹೋದಾಗ ಗೊತ್ತಾಯಿತು, ಇವು ಮಾಡುವ ಕೆಲಸವೇ ಬೇರೆ ಬೇರೆ. ಒಂದು ರೋಗಾಣು ಅಂಟದಂತೆ ನೋಡಿಕೊಳ್ಳುತ್ತದೆ. ಇನ್ನೆರಡು ತೊಳೆದು ಕಳಿಸುತ್ತವೆ. ಕೊಲ್ಲುತ್ತೇನೆ ಅನ್ನುವ ಗಿಡ ಬೇರೆಯೇ ಇದೆ, ಅದು ನಮ್ಮ ಮನೆಯಲ್ಲಿ ಇಲ್ಲ.

ಮುಂದೆ ಹೋಗುವ ಮುಂಚೆ ಒಂದು ಮಾತು. ಚಳಿ ಜ್ವರ, ಸೊಂಟದ ಮೇಲ್ಭಾಗದಲ್ಲಿ ಒಂದು ಪಕ್ಕ ನೋವು, ವಾಂತಿ, ಇವುಗಳಲ್ಲಿ ಯಾವುದಿದ್ದರೂ ಸೋಂಕು ಕಿಡ್ನಿಗೆ ಏರಿರಬಹುದು. ಆಗ ಕಷಾಯ ಕುದಿಸುತ್ತಾ ಕೂರಬೇಡಿ, ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಬಸುರಿಯರು, ಚಿಕ್ಕ ಮಕ್ಕಳು, ಗಂಡಸರು, ಸಕ್ಕರೆ ಕಾಯಿಲೆ ಇರುವವರು, ಮೂತ್ರಕ್ಕೆ ನಳಿಕೆ (ಕ್ಯಾಥೆಟರ್) ಹಾಕಿಸಿಕೊಂಡವರು, ಇವರೆಲ್ಲ ಜ್ವರ ಇಲ್ಲದಿದ್ದರೂ ಮೊದಲು ಡಾಕ್ಟರನ್ನೇ ನೋಡಬೇಕು. ಮೂತ್ರದಲ್ಲಿ ರಕ್ತ ಕಂಡರೂ ಅಷ್ಟೇ. ಈ ಬರಹ ಮುಖ್ಯವಾಗಿ ಬೇರೆ ತೊಂದರೆ ಇಲ್ಲದ, ಆಗಾಗ ಉರಿಮೂತ್ರ ಮರುಕಳಿಸುವ ಹೆಂಗಸರಿಗೆ.

ಎಲ್ಲ ಮದ್ದೂ ಕೆಲಸ ಮಾಡಿದಂತೆ ಕಾಣುವುದು ಯಾಕೆ

ನಿಮಗೆ ಉರಿಮೂತ್ರ ಅಂತ ಗೊತ್ತಾದರೆ ಸಾಕು, ಪ್ರತಿಯೊಬ್ಬರ ಹತ್ತಿರವೂ ಒಂದು ಮದ್ದು ಇರುತ್ತದೆ. ಕೊತ್ತಂಬರಿ ಬೀಜದ ನೀರು, ಬಾಳೆದಿಂಡಿನ ರಸ, ಲಾವಂಚ, ಎಳನೀರು. "ನಂಗೆ ಎರಡೇ ದಿನಕ್ಕೆ ಹೋಯ್ತು" ಅಂತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಇಲ್ಲಿ ಎರಡು ವಿಷಯ ಸೇರಿಕೊಂಡಿವೆ.

ಒಂದು, ಮೂತ್ರ ಉರಿದರೆಲ್ಲ ಅದು ಸೋಂಕಲ್ಲ. ರಾಯಚೂರು, ಕಲಬುರಗಿ ಕಡೆಯ ಏಪ್ರಿಲ್ ಬಿಸಿಲಲ್ಲಿ ಬೆಳಿಗ್ಗೆಯಿಂದ ಅರ್ಧ ಲೀಟರ್ ನೀರೂ ಕುಡಿಯದೆ ಓಡಾಡಿದರೆ ಮೂತ್ರ ಗಟ್ಟಿಯಾಗಿ, ಕಡು ಹಳದಿಯಾಗಿ ಉರಿಯುತ್ತದೆ. ಅದನ್ನೇ ನಾವು ಉಷ್ಣ ಅನ್ನುತ್ತೇವೆ. ಅಲ್ಲಿ ರೋಗಾಣುವೇ ಇಲ್ಲ. ಎರಡು ಎಳನೀರು ಕುಡಿದರೆ ಹೋಗುತ್ತದೆ, ಹೋಗಲೇಬೇಕು. ಕಲ್ಲು, ಫಂಗಸ್ ಸೋಂಕು, ಲೈಂಗಿಕವಾಗಿ ಹರಡುವ ಕಾಯಿಲೆ, ಇವುಗಳಲ್ಲೂ ಉರಿ ಇರುತ್ತದೆ. ಅವಕ್ಕೆ ಎಳನೀರು ಸಾಲದು.

ಎರಡು, ನಿಜವಾದ ಸೋಂಕೂ ಕೆಲವರಲ್ಲಿ ತಾನಾಗಿಯೇ ಇಳಿಯುತ್ತದೆ. ಔಷಧಿಯೇ ಇಲ್ಲದ ಹುಸಿ ಮಾತ್ರೆ ಕೊಟ್ಟು ನೋಡಿದ ಪ್ರಯೋಗಗಳಲ್ಲೂ ಒಂದಷ್ಟು ಹೆಂಗಸರು ವಾಸಿಯಾಗಿದ್ದಾರೆ. ಆ ವಾರ ಯಾರು ಏನು ಕುಡಿದಿದ್ದರೋ ಆ ಗಿಡಕ್ಕೆ ಹೆಸರು ಬರುತ್ತದೆ. ಅದಕ್ಕೇ ಇಲ್ಲಿ ನಾನು ಪಕ್ಕದ ಮನೆಯವರ ಅನುಭವಕ್ಕಿಂತ, ಒಂದು ಗುಂಪಿಗೆ ಮದ್ದು, ಇನ್ನೊಂದು ಗುಂಪಿಗೆ ಹುಸಿ ಮದ್ದು ಕೊಟ್ಟು ನೋಡಿದ ಪ್ರಯೋಗಗಳಿಗೆ ಜಾಸ್ತಿ ಬೆಲೆ ಕೊಟ್ಟಿದ್ದೇನೆ.

ಸೋಂಕು ಹೇಗೆ ಶುರುವಾಗುತ್ತದೆ ಅನ್ನುವುದನ್ನೂ ಒಂದು ನಿಮಿಷ ನೋಡೋಣ. ಬಹುಪಾಲು ಉರಿಮೂತ್ರಕ್ಕೆ ಕಾರಣ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ. ಅದರ ಮನೆ ನಮ್ಮದೇ ಕರುಳು. ಅಲ್ಲಿಂದ ಮೂತ್ರನಾಳಕ್ಕೆ ದಾಟಿ ಮೇಲೇರುತ್ತದೆ. ಮೂತ್ರದ ರಭಸಕ್ಕೆ ಕೊಚ್ಚಿಹೋಗಬೇಕಲ್ವಾ? ಹೋಗುವುದಿಲ್ಲ. ಅದರ ಮೈತುಂಬ ಸಣ್ಣ ಕೂದಲಿನಂಥ ಎಳೆಗಳಿವೆ. ನೆಗ್ಗಿಲು ಮುಳ್ಳು ಚಪ್ಪಲಿಗೆ ಕಚ್ಚಿಕೊಳ್ಳುವಂತೆ ಅದು ಮೂತ್ರಚೀಲದ ಒಳಗೋಡೆಗೆ ಕಚ್ಚಿಕೊಳ್ಳುತ್ತದೆ. ಎಳೆಗಳಲ್ಲಿ ಎರಡು ಬಗೆ ಮುಖ್ಯ. ಒಂದು ಬಗೆ ಮ್ಯಾನೋಸ್ ಅನ್ನುವ ಸಕ್ಕರೆಯನ್ನು ಹುಡುಕಿ ಹಿಡಿಯುತ್ತದೆ. ಪಿ ಎಳೆ ಅನ್ನುವ ಇನ್ನೊಂದು ಬಗೆ ಬೇರೊಂದು ಸಕ್ಕರೆಯ ಜೋಡಿಯನ್ನು ಹಿಡಿಯುತ್ತದೆ, ಕಿಡ್ನಿವರೆಗೆ ಏರುವ ತಳಿಗಳಲ್ಲಿ ಇದು ಜಾಸ್ತಿ.

ಹಾಗಾಗಿ ಯಾವ ಮೂಲಿಕೆಯಾದರೂ ನಾನು ಎರಡು ಪ್ರಶ್ನೆ ಕೇಳುತ್ತೇನೆ. ಇದು ಅಂಟದಂತೆ ತಡೆಯುತ್ತದಾ, ಕೊಲ್ಲುತ್ತದಾ, ಬರೀ ತೊಳೆಯುತ್ತದಾ? ಮತ್ತೆ, ಬಾಯಿಗೆ ಹಾಕಿಕೊಂಡದ್ದು ಮೂತ್ರದವರೆಗೆ ತಲುಪುತ್ತದಾ? ಎರಡನೇ ಪ್ರಶ್ನೆಗೇ ಅರ್ಧ ಮೂಲಿಕೆಗಳು ಬಿದ್ದುಹೋಗುತ್ತವೆ.

ಕ್ರ್ಯಾನ್‌ಬೆರಿ: ತಡೆಯಲು ಸರಿ, ವಾಸಿ ಮಾಡಲು ಅಲ್ಲ

ಇದು ಉತ್ತರ ಅಮೆರಿಕದ ಜೌಗು ನೆಲದ ಹಣ್ಣು. ನಮ್ಮಲ್ಲಿ ಬೆಳೆಯುವುದಿಲ್ಲ. ಕೆಲವು ಅಂಗಡಿಗಳಲ್ಲಿ ಕವಳೆಹಣ್ಣನ್ನು ಸಕ್ಕರೆ ಪಾಕದಲ್ಲಿ ಅದ್ದಿ ಒಣಗಿಸಿ ಅದೇ ಹೆಸರಿನಲ್ಲಿ ಮಾರುತ್ತಾರೆ. ಕವಳೆ ಒಳ್ಳೆಯ ಹಣ್ಣೇ, ಉಪ್ಪಿನಕಾಯಿಗಂತೂ ಅದಕ್ಕೆ ಸಾಟಿಯಿಲ್ಲ. ಆದರೆ ಕ್ರ್ಯಾನ್‌ಬೆರಿಗೂ ಅದಕ್ಕೂ ಸಂಬಂಧವಿಲ್ಲ.

ಈ ಹಣ್ಣು ಮೂತ್ರವನ್ನು ಹುಳಿಯಾಗಿಸಿ ರೋಗಾಣು ಕೊಲ್ಲುತ್ತದೆ ಅಂತ ಬಹಳ ಕಾಲ ನಂಬಿದ್ದರು. ಅಷ್ಟು ಹುಳಿ ಮಾಡಬೇಕಾದರೆ ಎಷ್ಟು ಕುಡಿಯಬೇಕು ಅಂತ ಲೆಕ್ಕ ಹಾಕಿದರೆ ಹೊಟ್ಟೆ ಕೆಡುತ್ತದೆ. 1980ರ ದಶಕದಲ್ಲಿ ಬೇರೆ ವಿವರಣೆ ಬಂತು: ಇದು ಕೊಲ್ಲುವುದಿಲ್ಲ, ಅಂಟದಂತೆ ಮಾಡುತ್ತದೆ. ಅದನ್ನು ಮಾಡುವ ವಸ್ತು ಪ್ರೊಆಂಥೋಸಯನಿಡಿನ್, ಚುಟುಕಾಗಿ ಪಿಎಸಿ. ಹಣ್ಣಿಗೆ ಒಗರು ರುಚಿ ಕೊಡುವ ಗುಂಪಿನದು. ಇದರಲ್ಲಿ ಎ ಬಗೆ, ಬಿ ಬಗೆ ಅಂತ ಇದೆ. ದ್ರಾಕ್ಷಿ, ಸೇಬು, ಚಾಕೊಲೇಟ್‌ಗಳಲ್ಲಿ ಇರುವುದು ಹೆಚ್ಚಾಗಿ ಬಿ ಬಗೆ. ಕ್ರ್ಯಾನ್‌ಬೆರಿಯದು ಎ ಬಗೆ, ಪಿ ಎಳೆಗಳಿಗೆ ಅಡ್ಡ ಬರುವುದು ಅದೇ. ಚಕ್ಕೆಯಲ್ಲಿ, ಕಡಲೆಕಾಯಿ ಬೀಜದ ಕೆಂಪು ಸಿಪ್ಪೆಯಲ್ಲಿ ಕೂಡ ಎ ಬಗೆ ಇದೆ. ಹಾಗಂತ ಕಡಲೆ ಸಿಪ್ಪೆ ತಿಂದರೆ ಉರಿಮೂತ್ರ ನಿಲ್ಲುತ್ತದೆ ಅಂತ ಹೇಳಲು ಆಗುವುದಿಲ್ಲ. ಇದೆ ಅನ್ನುವುದು ಬೇರೆ, ಕೆಲಸ ಮಾಡುತ್ತದೆ ಅನ್ನುವುದು ಬೇರೆ.

ನನ್ನ ಎರಡನೇ ಪ್ರಶ್ನೆ ಇಲ್ಲೂ ಕಾಡುತ್ತದೆ. ಪಿಎಸಿ ದೊಡ್ಡ ಅಣು, ಹಾಗೇ ಇಡಿಯಾಗಿ ಮೂತ್ರಕ್ಕೆ ಬರುವುದು ತೀರಾ ಕಡಿಮೆ. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆಯುತ್ತವೆ, ಆ ಚೂರುಗಳು ಮೂತ್ರದಲ್ಲಿ ಸಿಗುತ್ತವೆ. ಕ್ರ್ಯಾನ್‌ಬೆರಿ ತೆಗೆದುಕೊಂಡವರ ಮೂತ್ರವನ್ನು ಲ್ಯಾಬಿನಲ್ಲಿಟ್ಟು ನೋಡಿದರೆ ಇ. ಕೋಲಿ ಕಡಿಮೆ ಅಂಟುತ್ತದೆ ಅನ್ನುವುದಂತೂ ಕಂಡಿದೆ.

ಮನುಷ್ಯರಲ್ಲಿ ಏನಾಯಿತು? ಕೊಕ್ರೇನ್ ಅನ್ನುವ ಸಂಸ್ಥೆ ಇಂಥ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡುತ್ತದೆ. 2012ರಲ್ಲಿ ಅದು 'ಅಂಥ ಉಪಯೋಗವೇನೂ ಇಲ್ಲ' ಅನ್ನುವ ಧಾಟಿಯಲ್ಲಿ ಹೇಳಿತ್ತು. 2023ರಲ್ಲಿ 50 ಅಧ್ಯಯನ, 8,857 ಜನರ ಲೆಕ್ಕ ಹಿಡಿದು ಮಾತು ಬದಲಿಸಿತು. ಪದೇ ಪದೇ ಸೋಂಕಾಗುವ ಹೆಂಗಸರಲ್ಲಿ ಮರುಕಳಿಸುವ ಸಾಧ್ಯತೆ ಸುಮಾರು ನಾಲ್ಕನೇ ಒಂದು ಭಾಗ ಕಡಿಮೆಯಾಗಿತ್ತು. ಮಕ್ಕಳಲ್ಲಿ ಅರ್ಧದಷ್ಟು. ಆದರೆ ಆಶ್ರಮಗಳಲ್ಲಿರುವ ವಯಸ್ಸಾದವರು, ಬಸುರಿಯರು, ಮೂತ್ರಚೀಲ ಪೂರ್ತಿ ಖಾಲಿಯಾಗದವರು, ಇವರಲ್ಲಿ ಲಾಭ ಕಾಣಲಿಲ್ಲ.

ಇದೆಲ್ಲ ಬರದಂತೆ ತಡೆಯುವ ಮಾತು. ಈಗಾಗಲೇ ಉರಿ ಶುರುವಾಗಿದ್ದರೆ ಕ್ರ್ಯಾನ್‌ಬೆರಿಯಿಂದ ವಾಸಿ ಆಗುತ್ತದೆ ಅನ್ನಲು ಆಧಾರವಿಲ್ಲ. ನಾನು ಮಾಡಿದ ತಪ್ಪೂ ಇದೇ. ಮೂರು ದಿನ ಜ್ಯೂಸ್ ಕುಡಿದುಕೊಂಡು ಕೂತೆ, ನಾಲ್ಕನೇ ದಿನ ಜ್ವರ ಬಂತು.

ಕೊಳ್ಳುವುದಾದರೆ ಜ್ಯೂಸಿಗಿಂತ ಕ್ಯಾಪ್ಸೂಲ್ ವಾಸಿ ಅನ್ನುವುದು ನನ್ನ ಅನಿಸಿಕೆ. ಬರೀ ಕ್ರ್ಯಾನ್‌ಬೆರಿ ರಸ ಕುಡಿಯಲಾಗದಷ್ಟು ಹುಳಿ, ಒಗರು. ಹಾಗಾಗಿ ಅಂಗಡಿಯ ಬಾಟಲಿಯಲ್ಲಿ ಸಾಮಾನ್ಯವಾಗಿ ನೀರು ಮತ್ತು ಸಕ್ಕರೆಯೇ ಮುಂದು. ಕ್ಯಾಪ್ಸೂಲಿನ ಮೇಲೆ 'ಕ್ರ್ಯಾನ್‌ಬೆರಿ ಸಾರ ಇಷ್ಟು ಮಿಲಿಗ್ರಾಂ' ಅಂತ ಇದ್ದರೆ ಸಾಲದು, ಪಿಎಸಿ ಎಷ್ಟು ಅಂತ ನೋಡಿ. ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸುವ ಅಳತೆ ದಿನಕ್ಕೆ 36 ಮಿಲಿಗ್ರಾಂ ಪಿಎಸಿ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು, ಆಕ್ಸಲೇಟ್ ಬಗೆಯ ಕಿಡ್ನಿ ಕಲ್ಲು ಆಗುವವರು ಡಾಕ್ಟರನ್ನು ಕೇಳದೆ ಶುರುಮಾಡಬೇಡಿ.

ಕ್ರ್ಯಾನ್‌ಬೆರಿ ಜೊತೆ ಒಂದೇ ಪೊಟ್ಟಣದಲ್ಲಿ ಡಿ-ಮ್ಯಾನೋಸ್ ಪುಡಿಯೂ ಈಗ ಬರುತ್ತದೆ. ಯೋಚನೆ ಚೆನ್ನಾಗಿದೆ: ಎಳೆಗಳು ಹುಡುಕುವ ಸಕ್ಕರೆಯನ್ನೇ ಮೂತ್ರದಲ್ಲಿ ತೇಲಿಬಿಟ್ಟರೆ ಅವು ಗೋಡೆಯ ಬದಲು ಅದನ್ನೇ ಹಿಡಿದುಕೊಂಡು ಹೊರಗೆ ಹೋಗಲಿ ಅಂತ. ಮೂತ್ರಕ್ಕೆ ತಲುಪುವುದೂ ನಿಜ. ಆದರೂ 2024ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ 598 ಹೆಂಗಸರು ಆರು ತಿಂಗಳು ದಿನಕ್ಕೆ 2 ಗ್ರಾಂ ಪುಡಿ ತೆಗೆದುಕೊಂಡರು, ಅರ್ಧ ಜನ ಮ್ಯಾನೋಸ್, ಅರ್ಧ ಜನ ಹುಸಿ ಪುಡಿ. ಮತ್ತೆ ಸೋಂಕು ಅಂತ ಡಾಕ್ಟರ್ ಹತ್ತಿರ ಹೋದವರು ಮೊದಲ ಗುಂಪಿನಲ್ಲಿ ಶೇ. 51, ಎರಡನೆಯದರಲ್ಲಿ ಶೇ. 55.7. ಹೇಳಿಕೊಳ್ಳುವ ವ್ಯತ್ಯಾಸವಲ್ಲ. ಅದರ ಬೆಲೆ ನೋಡಿದ ಮೇಲೆ ನಾನಂತೂ ನಿಲ್ಲಿಸಿಬಿಟ್ಟೆ.

ಕೊಲ್ಲುತ್ತೇನೆ ಅನ್ನುವ ಎಲೆ

ವಿದೇಶದಲ್ಲಿರುವ ನಮ್ಮವರು, ಅದರಲ್ಲೂ ಜರ್ಮನಿಯಲ್ಲಿರುವವರು, ಔಷಧಿ ಅಂಗಡಿಯಲ್ಲಿ ಯೂವಾ ಉರ್ಸಿ ಎಲೆಯ ಚಹಾ, ಮಾತ್ರೆ ನೋಡಿರುತ್ತಾರೆ. ಹೆಸರಿನ ಅರ್ಥ ಕರಡಿ ದ್ರಾಕ್ಷಿ. ಇದರ ಎಲೆಯಲ್ಲಿರುವ ಮುಖ್ಯ ವಸ್ತು ಆರ್ಬುಟಿನ್. ಎಲ್ಲೋ ಕೇಳಿದ ಹೆಸರು ಅನಿಸುತ್ತಿದೆಯಾ? ಮುಖದ ಕಲೆ ತೆಗೆಯುವ ಸೀರಮ್ ಬಾಟಲಿಗಳ ಮೇಲೆ ಇರುವುದು ಇದರದೇ ಹತ್ತಿರದ ನಂಟ.

ತಲುಪುವ ಪ್ರಶ್ನೆಯಲ್ಲಿ ಇದು ಪಾಸು. ಆರ್ಬುಟಿನ್ ಮೈಯೊಳಗೆ ಒಡೆದು ಹೈಡ್ರೋಕ್ವಿನೋನ್ ಆಗುತ್ತದೆ. ಯಕೃತ್ತು ಅದನ್ನು ಕಟ್ಟಿ ಮೂತ್ರಕ್ಕೆ ಕಳಿಸುತ್ತದೆ, ಅಲ್ಲಿ ಒಂದು ಪಾಲು ಬಿಚ್ಚಿಕೊಂಡು ರೋಗಾಣುವಿನ ಮೇಲೆ ಬೀಳುತ್ತದೆ. ಕೆಲವರಲ್ಲಿ ಮೂತ್ರ ಹಸಿರು ಮಿಶ್ರಿತ ಕಂದು ಬಣ್ಣಕ್ಕೆ ತಿರುಗುವುದೂ ಉಂಟು. ಹೀಗೆ ಹಾದಿ ಸ್ಪಷ್ಟವಾಗಿರುವ ಮೂಲಿಕೆ ಇನ್ನೊಂದಿಲ್ಲ ಅನ್ನಬಹುದು.

ಆದರೆ ಪ್ರಯೋಗಗಳ ಫಲ ಅಷ್ಟು ಸಿಹಿಯಾಗಿಲ್ಲ. ಬ್ರಿಟನ್ನಿನಲ್ಲಿ 382 ಹೆಂಗಸರ ಮೇಲೆ ನಡೆದ ಪ್ರಯೋಗದಲ್ಲಿ ಹುಸಿ ಮದ್ದಿಗೂ ಇದಕ್ಕೂ ಫರಕು ಕಾಣಲಿಲ್ಲ. ಜರ್ಮನಿಯಲ್ಲಿ 398 ಹೆಂಗಸರಲ್ಲಿ ಇದನ್ನು ಫಾಸ್ಫೋಮೈಸಿನ್ ಅನ್ನುವ ಆಂಟಿಬಯೋಟಿಕ್ ಜೊತೆ ಹೋಲಿಸಿದರು, ಫಲಿತಾಂಶ 2021ರಲ್ಲಿ ಬಂತು. ಎಲೆ ತೆಗೆದುಕೊಂಡ ಗುಂಪಿನಲ್ಲಿ ಆಂಟಿಬಯೋಟಿಕ್ ಬಳಕೆ ಅರ್ಧಕ್ಕಿಂತ ಜಾಸ್ತಿ ಇಳಿಯಿತು, ಅದು ಒಳ್ಳೆಯದೇ. ಆದರೆ ಉರಿ, ನೋವು ಹೆಚ್ಚು ಅನುಭವಿಸಿದರು. ಸೋಂಕು ಕಿಡ್ನಿಗೆ ಏರಿದವರು ಆ ಗುಂಪಿನಲ್ಲಿ 8, ಇನ್ನೊಂದರಲ್ಲಿ 2. ಸಂಖ್ಯೆ ಚಿಕ್ಕದು. ಆದರೂ ಆ 8 ಜನರಲ್ಲಿ ನಾನೊಬ್ಬಳಾಗಿದ್ದರೆ ಅಂತ ಯೋಚಿಸಿದರೆ ಚಿಕ್ಕದು ಅನಿಸುವುದಿಲ್ಲ.

ಬಳಸುವುದಾದರೆ ಯುರೋಪಿನ ಔಷಧ ಇಲಾಖೆಯ ನಿಯಮ ಹೀಗಿದೆ: ವಯಸ್ಕ ಹೆಂಗಸರಿಗೆ ಮಾತ್ರ, ಒಂದು ವಾರಕ್ಕಿಂತ ಹೆಚ್ಚಿಲ್ಲ. ದಿನಾ ಕುಡಿಯುವ ಚಹಾ ಅಲ್ಲ ಇದು. ಬಸುರಿಯರು, ಕಿಡ್ನಿ ತೊಂದರೆ ಇರುವವರು ಮುಟ್ಟಲೇಬಾರದು.

ಅರಿಶಿನದ ದಾರಿ, ಗಂಧದ ಕಥೆ

"ಅರಿಶಿನ ಎಲ್ಲಕ್ಕೂ ಮದ್ದು" ಅನ್ನುವವರಿಗೆ ನನ್ನ ಉತ್ತರ: ಅದು ಮೂತ್ರಚೀಲದವರೆಗೆ ಬಂದರೆ ತಾನೇ. ಅರಿಶಿನದ ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದೇ ಬಹಳ ಕಡಿಮೆ. ಹೆಸರಲ್ಲಿ ಅರಿಶಿನವಿದ್ದರೂ ಬೇರೆಯೇ ಗಿಡವಾದ ಮರದರಿಶಿನದಲ್ಲಿ ಬರ್ಬೆರಿನ್ ಅನ್ನುವ ಹಳದಿ ವಸ್ತು ಇದೆ. ಲ್ಯಾಬಿನ ತಟ್ಟೆಯಲ್ಲಿ ಅದು ಪಿ ಎಳೆಗಳನ್ನು ಕಡಿಮೆ ಮಾಡಿ, ಇ. ಕೋಲಿ ಅಂಟದಂತೆ ತಡೆದದ್ದು 1980ರ ದಶಕದಲ್ಲೇ ಕಂಡಿದೆ. ಆದರೆ ಬಾಯಿಂದ ತೆಗೆದುಕೊಂಡ ಬರ್ಬೆರಿನ್‌ನಲ್ಲಿ ಶೇ. 1ರಷ್ಟೂ ರಕ್ತಕ್ಕೆ ಸೇರುವುದಿಲ್ಲ. ಭೇದಿಗೆ ಅದನ್ನು ಕೊಡುತ್ತಿದ್ದುದರಲ್ಲಿ ಅರ್ಥವಿದೆ, ಕರುಳಿನಲ್ಲೇ ಉಳಿಯುತ್ತದಲ್ಲ. ಉರಿಮೂತ್ರಕ್ಕೆ ಯಾಕೆ? ಅದೂ ಅಲ್ಲದೆ ನಮ್ಮ ಪಶ್ಚಿಮ ಘಟ್ಟದ ಮರದರಿಶಿನದ ಬಳ್ಳಿ ಕಿತ್ತು ಕಿತ್ತು ಅಳಿವಿನಂಚಿಗೆ ಬಂದಿದೆ. ಬಸುರಿಯರು ಬರ್ಬೆರಿನ್ ತೆಗೆದುಕೊಳ್ಳಬಾರದು, ಹಸುಗೂಸಿಗೆ ಕಾಮಾಲೆ ಜಾಸ್ತಿ ಮಾಡಬಹುದು.

ಗಂಧದ ಕಥೆ ಇನ್ನೂ ಸ್ವಾರಸ್ಯ. ಆಂಟಿಬಯೋಟಿಕ್ ಬರುವ ಮುಂಚೆ ಯುರೋಪ್, ಅಮೆರಿಕದ ಡಾಕ್ಟರುಗಳು ಮೂತ್ರನಾಳದ ಸೋಂಕಿಗೆ, ಅದರಲ್ಲೂ ಗೊನೋರಿಯಾಕ್ಕೆ, ಗಂಧದೆಣ್ಣೆಯ ಕ್ಯಾಪ್ಸೂಲ್ ಕೊಡುತ್ತಿದ್ದರು. ಸ್ಯಾಂಟಲಾಲ್ ಅದರ ಮುಖ್ಯ ವಸ್ತು. ಮೈಸೂರು ಸೀಮೆಯ ಗಂಧದ ಮರ ಹಡಗಿನಲ್ಲಿ ಹೋಗಿ ಜರ್ಮನಿಯಲ್ಲಿ ಎಣ್ಣೆಯಾಗುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಆ ವ್ಯಾಪಾರ ನಿಂತಾಗ ಮೈಸೂರು ಸಂಸ್ಥಾನ 1916ರ ಹೊತ್ತಿಗೆ ತಾನೇ ಎಣ್ಣೆ ತೆಗೆಯಲು ಶುರುಮಾಡಿತು. ಸೋಪಿನ ಕಥೆ ಎಲ್ಲರಿಗೂ ಗೊತ್ತು, ಈ ಕ್ಯಾಪ್ಸೂಲಿನ ಕಥೆ ಕೇಳಿದವರು ಕಡಿಮೆ. ಪೆನಿಸಿಲಿನ್ ಬಂದ ಮೇಲೆ ಅದು ಮೂಲೆಗೆ ಸರಿಯಿತು. ಇವತ್ತಿಗೆ ಗಂಧದೆಣ್ಣೆ ಕುಡಿಯಿರಿ ಅಂತ ನಾನು ಹೇಳುವುದಿಲ್ಲ. ಕಿಡ್ನಿಗೆ ಅದು ಒಳ್ಳೆಯದಲ್ಲ, ಮೇಲಾಗಿ ಮಾರುಕಟ್ಟೆಯಲ್ಲಿ ಸಿಗುವ 'ಗಂಧದೆಣ್ಣೆ'ಯಲ್ಲಿ ಗಂಧ ಎಷ್ಟಿದೆಯೋ ದೇವರೇ ಬಲ್ಲ.

ಮನೆಯ ಮದ್ದುಗಳು: ಕೆಲಸ ಮಾಡುವುದು ಹೆಚ್ಚಾಗಿ ನೀರು

ಬಾರ್ಲಿ, ಎಳನೀರು, ಕೊತ್ತಂಬರಿ ಬೀಜ, ಬಾಳೆದಿಂಡು, ನೆಗ್ಗಿಲು, ಕೊಮ್ಮೆ. ಇವನ್ನೆಲ್ಲ ಒಂದೇ ಸಾಲಿನಲ್ಲಿ ಕೂರಿಸುತ್ತೇನೆ. ನೆಗ್ಗಿಲಿನಲ್ಲಿ ಸ್ಯಾಪೋನಿನ್‌ಗಳಿವೆ. ಪುನರ್ನವ ಅಂತ ಕರೆಯುವ ಕೊಮ್ಮೆ ಗಿಡದಲ್ಲಿ ಪುನರ್ನವಿನ್, ಬೋಯಿರವಿನೋನ್ ಅನ್ನುವ ವಸ್ತುಗಳಿವೆ. ಆಯುರ್ವೇದದಲ್ಲಿ ಎರಡೂ ಮೂತ್ರ ಹೆಚ್ಚಿಸುವ ಮದ್ದುಗಳು. ಆದರೆ ಇವುಗಳ ಪರವಾಗಿ ಎತ್ತಿಹೇಳುವ ಅಧ್ಯಯನಗಳು ಬಹುತೇಕ ಇಲಿಗಳ ಮೇಲೆ, ಲ್ಯಾಬಿನ ತಟ್ಟೆಗಳಲ್ಲಿ ಆದವು. ಕ್ರ್ಯಾನ್‌ಬೆರಿಯ 8,857ರ ಪಕ್ಕದಲ್ಲಿ ಇಡುವಂಥದ್ದಲ್ಲ.

ಹಾಗಾದರೆ ಅಮ್ಮನ ಬಾರ್ಲಿ ನೀರು ಸುಮ್ನೆನಾ? ಅಲ್ಲ. ಆಗಾಗ ಸೋಂಕಾಗುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಹೆಂಗಸರ ಮೇಲೆ ಒಂದು ಪ್ರಯೋಗ ನಡೆಯಿತು, 2018ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚು ಕುಡಿಯಲು ಹೇಳಿದರು. ಒಂದು ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಸೋಂಕಾಯಿತು, ಮಿಕ್ಕವರಿಗೆ 3.2 ಸಲ. ಬರೀ ನೀರು! ಕ್ರ್ಯಾನ್‌ಬೆರಿಯೂ ಇಷ್ಟು ಮಾಡಿಲ್ಲ. ಬಾರ್ಲಿ ನೀರಿನ ಗುಣ ಏನೆಂದರೆ, ಬರೀ ನೀರು ಎರಡು ಲೋಟ ಕುಡಿಯದವಳೂ ಉಪ್ಪು ನಿಂಬೆ ಹಾಕಿದ ಬಾರ್ಲಿ ನೀರನ್ನು ಒಂದು ಚೊಂಬು ಕುಡಿಯುತ್ತಾಳೆ.

ನಮ್ಮ ಹೆಂಗಸರು ನೀರು ಕುಡಿಯದಿರುವುದಕ್ಕೆ ಕಾರಣ ಮರೆವಲ್ಲ. ದೂರದ ಬಸ್ಸಿನಲ್ಲಿ, ಹೊಲದಲ್ಲಿ, ಸಂತೆಯಲ್ಲಿ, ಎಷ್ಟೋ ಶಾಲೆಗಳಲ್ಲಿ ಹೋಗಲು ಜಾಗವಿಲ್ಲ. ಕುಡಿಯದಿದ್ದರೆ ಹೋಗುವ ಪ್ರಮೇಯವೇ ಇಲ್ಲ ಅಂತ ಬಾಯಿ ಕಟ್ಟಿಕೊಳ್ಳುತ್ತೇವೆ. ಇದಕ್ಕೆ ಯಾವ ಮೂಲಿಕೆಯಲ್ಲೂ ಮದ್ದಿಲ್ಲ.

ಮನೆಮದ್ದಿಗೂ ಎಚ್ಚರಿಕೆ ಬೇಕು. ಎಳನೀರು, ಬಾಳೆದಿಂಡಿನ ರಸದಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಕೆಟ್ಟವರಿಗೆ, ಕೆಲವು ಬಿಪಿ ಮಾತ್ರೆ ನುಂಗುವವರಿಗೆ ಅದು ಹೃದಯಕ್ಕೇ ಅಪಾಯ. ಬಿಪಿಗೆ ಅಂತ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಅದರ ಮೇಲೆ ನೆಗ್ಗಿಲು, ಕೊಮ್ಮೆ ಸೇರಿಸುವ ಮುಂಚೆ ಕೇಳಿ.

ಸಿದ್ಧವಾಗಿ ಸಿಗುವ ಆಯುರ್ವೇದದ ವಟಿ, ಗುಗ್ಗುಲು ಮಾತ್ರೆಗಳೆಲ್ಲದರಲ್ಲೂ ಬರೀ ಗಿಡ ಇರುವುದಿಲ್ಲ, ಕೆಲವದರಲ್ಲಿ ಲೋಹ, ಖನಿಜ ಸುಟ್ಟು ಮಾಡಿದ ಭಸ್ಮಗಳೂ ಇರುತ್ತವೆ. 2008ರ ಒಂದು ಅಧ್ಯಯನದಲ್ಲಿ ಇಂಟರ್‌ನೆಟ್ ಮೂಲಕ ಕೊಂಡ 193 ಆಯುರ್ವೇದ ಔಷಧಿಗಳನ್ನು ಪರೀಕ್ಷೆ ಮಾಡಿದಾಗ ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಓದಿದ ವೈದ್ಯರು ನೋಡಿ ಕೊಟ್ಟರೆ ಬೇರೆ ಮಾತು. ಆನ್‌ಲೈನ್‌ನಲ್ಲಿ ನೀವೇ ಆರಿಸಿ ತಿಂಗಳುಗಟ್ಟಲೆ ನುಂಗಬೇಡಿ.

ಹಾಗಾದರೆ ಯಾರು ಯಾವುದನ್ನು ಆರಿಸಬೇಕು

ಬಿಸಿಲಲ್ಲಿ ಓಡಾಡಿ ಒಂದು ದಿನ ಉರಿ ಬಂದಿದೆ, ಬೇರೇನೂ ಇಲ್ಲ. ಎಳನೀರು, ಬಾರ್ಲಿ, ನೀರು. ನಾಳೆಗೆ ಹೋಗಬೇಕು. ಹೋಗಲಿಲ್ಲ ಅಂದರೆ, ಅಥವಾ ಐದು ನಿಮಿಷಕ್ಕೊಮ್ಮೆ ಅವಸರವಾಗಿ ಎರಡೇ ಹನಿ ಬರುತ್ತಿದ್ದರೆ, ಪರೀಕ್ಷೆ ಮಾಡಿಸಿ.

ಸೋಂಕು ಖಚಿತವಾಗಿದೆ ಅಂದರೆ ಮೂಲಿಕೆಯ ಮೇಲೆ ಭಾರ ಹಾಕಬೇಡಿ, ಡಾಕ್ಟರ್ ಬರೆದ ಔಷಧಿ ಪೂರ್ತಿ ಮುಗಿಸಿ. ಆಂಟಿಬಯೋಟಿಕ್ ಬೇಡ ಅನ್ನುವ ನಿಮ್ಮ ಹಿಂಜರಿಕೆ ನನಗೂ ಇದೆ. ಅದನ್ನು ಡಾಕ್ಟರಿಗೇ ಹೇಳಿ, ಒಂದೆರಡು ದಿನ ಕಾದು ನೋಡಬಹುದಾ ಅಂತ ಕೇಳಿ. ಮೆಡಿಕಲ್ ಶಾಪಿನವರು ಸುಲಭವಾಗಿ ಕೊಡುವ ಆಲ್ಕಲೈಸರ್ ಸಿರಪ್ ಉರಿ ತಗ್ಗಿಸಬಹುದು, ಆದರೆ ರೋಗಾಣು ಕೊಲ್ಲುವುದಿಲ್ಲ. ನೈಟ್ರೋಫ್ಯುರಾಂಟೋಯಿನ್ ಅನ್ನುವ ಆಂಟಿಬಯೋಟಿಕ್ ಬರೆದುಕೊಟ್ಟಿದ್ದರೆ ಜೊತೆಗೆ ಸಿರಪ್ ಬೇಕಾ ಅಂತ ಕೇಳಿ. ಆ ಮಾತ್ರೆ ಹುಳಿ ಮೂತ್ರದಲ್ಲೇ ಚೆನ್ನಾಗಿ ಕೆಲಸ ಮಾಡುವುದು, ಸಿರಪ್ ಆ ಹುಳಿಯನ್ನೇ ತೆಗೆಯುತ್ತದೆ.

ಆರು ತಿಂಗಳಲ್ಲಿ ಎರಡು ಸಲ, ಇಲ್ಲವೇ ವರ್ಷಕ್ಕೆ ಮೂರು ಸಲ ಮರುಕಳಿಸುತ್ತಿದೆಯಾ? ಮೊದಲು ನೀರು ಹೆಚ್ಚಿಸಿ. ಜೊತೆಗೆ ಕೈಗೆಟುಕಿದರೆ, 36 ಮಿಲಿಗ್ರಾಂ ಪಿಎಸಿ ಇರುವ ಕ್ರ್ಯಾನ್‌ಬೆರಿ ಕೆಲವು ತಿಂಗಳು ಪ್ರಯತ್ನಿಸಬಹುದು. ಎರಡರಲ್ಲಿ ಒಂದಕ್ಕೇ ದುಡ್ಡಿದ್ದರೆ ಒಳ್ಳೆಯ ನೀರಿನ ಬಾಟಲಿ ಕೊಳ್ಳಿ. ಮುಟ್ಟು ನಿಂತವರಾದರೆ ಮೂಲಿಕೆ ಹುಡುಕುವ ಮುಂಚೆ ಹೆಂಗಸರ ಡಾಕ್ಟರ್ ಹತ್ತಿರ ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಬಗ್ಗೆ ಮಾತಾಡಿ. ಆ ವಯಸ್ಸಿನಲ್ಲಿ ಸೋಂಕು ತಡೆಯಲು ಅದಕ್ಕೆ ಒಳ್ಳೆಯ ಆಧಾರವಿದೆ. ಅಮ್ಮನ ವಯಸ್ಸಿನವರು ನಾಚಿಕೆಯಿಂದ ಕೇಳುವುದೇ ಇಲ್ಲ, ಹಾಗಾಗಿ ನೀವೇ ಕರೆದುಕೊಂಡು ಹೋಗಿ ಕೇಳಿ.

ಇನ್ನೊಂದು ವಿಷಯ, ಯಾವ ರೋಗಾಣು ಅಂತ ಬೆಳೆಸಿ ನೋಡುವ ಕಲ್ಚರ್ ಟೆಸ್ಟ್‌ಗೆ ಮೂತ್ರ ಕೊಡುವುದು ಮೊದಲ ಮಾತ್ರೆ ನುಂಗುವ ಮುಂಚೆ. ಮೊದಲು ಬರುವ ಸ್ವಲ್ಪವನ್ನು ಬಿಟ್ಟು ನಡುವಿನದನ್ನು ಹಿಡಿಯಿರಿ. ಡಬ್ಬಿ ತಡಮಾಡದೆ ಲ್ಯಾಬಿಗೆ ತಲುಪಲಿ. ತಿನ್ನುತ್ತಿರುವ ಪುಡಿ, ಕಷಾಯ, ಕ್ಯಾಪ್ಸೂಲ್ ಎಲ್ಲದರ ಹೆಸರನ್ನೂ ಚೀಟಿಯಲ್ಲಿ ಬರೆದುಕೊಂಡು ಡಾಕ್ಟರಿಗೆ ತೋರಿಸಿ, ಬೈದರೂ ಪರವಾಗಿಲ್ಲ.